ಹಳೆ ಸಿಲಬಸ್ಸಿನ ಕೊನೆಯ ಹುಡುಗಿ

ನಮ್ಮ ಮನೆಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಬೇಗಂ ಬಜಾರಿನ ಒಂದು ಓಣಿಯಲ್ಲಿ ಕೆಳಗೆ ಅಪ್ಪನ ಒಣಮೆಣಸಿನಕಾಯಿ ಅಂಗಡಿ, ಮೇಲೆ ನಮ್ಮ ಎರಡೂವರೆ ಕೋಣೆಯ ಮನೆ. ಕೆಳಗೆ ಚೀಲ ಬಿಚ್ಚಿದರೆ ಮೇಲೆ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಗ್ಗರಣೆ ಹಾಕುತ್ತಿದ್ದಳು. ಆ ಅರ್ಧ ಕೋಣೆ ಅಪ್ಪನ ತಾಯಿ, ನಮ್ಮ ಆಯಿಯದು. ಅದರಲ್ಲೇ ದೇವರು, ಉಪ್ಪಿನಕಾಯಿ ಭರಣಿಗಳು, ನನ್ನ ಮತ್ತು ತಂಗಿ ಸುಧಾಳ ಪುಸ್ತಕಗಳು. ಮೆಟ್ಟಿಲು ಇಳಿದರೆ ತೆಲುಗು, ಅಂಗಡಿಯ ಕಟ್ಟೆಯ ಮೇಲೆ ದಖನಿ ಹಿಂದಿ, ಮೆಟ್ಟಿಲು ಹತ್ತಿದರೆ ವಿಜಯಪುರದ ಕನ್ನಡ. ಇದೆಲ್ಲ ಎಲ್ಲರದೂ ಆಗಿತ್ತು. ಇಂಗ್ಲಿಷ್ ಮಾತ್ರ ನನ್ನೊಬ್ಬಳದು. ಬ್ಯಾಂಕಿನ ಪತ್ರ, ಗುಳಿಗೆಯ ಚೀಟಿ, ಶಾಲೆಯ ನೋಟೀಸು, ಯಾರದೋ ಮದುವೆಯ ಕಾರ್ಡು, ಇಂಗ್ಲಿಷಿನಲ್ಲಿ ಏನೇ ಬರಲಿ, ನೆಟ್ಟಗೆ ನನ್ನ ಕೈಗೆ ಬರುತ್ತಿತ್ತು. ಹೊರಗೆ ಹೋಗುವ ಕಾಗದವಾದರೆ ಯಾರು ಹೇಳಿದರೂ ಸರಿ, ಫೇರ್ ಮಾಡುವವಳು ನಾನೇ. ಹನ್ನೆರಡು ವರ್ಷದ ಹುಡುಗಿಗೆ ಇಷ್ಟು ಅಧಿಕಾರ ಕೊಡಬಾರದು. ಕೊಟ್ಟರು, ನಾನು ಚೆನ್ನಾಗಿಯೇ ಚಲಾಯಿಸಿದೆ.

ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಅಂಗಡಿಯಿಂದ ಬಂದು ಕಾಲು ತೊಳೆದು ಮಂಚದ ಮೇಲೆ ಕೂರುತ್ತಿದ್ದ. ಪಕ್ಕದಲ್ಲಿ ನಾನು, ನನ್ನ ಕೈಯಲ್ಲಿ ಆ ದಿನದ ಇಂಗ್ಲಿಷ್ ಪೇಪರು. ಅಪ್ಪನಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ನಾನು ಒಂದು ಸಾಲು ಓದಿ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು, ಆಮೇಲೆ ಇನ್ನೊಂದು ಸಾಲು. ಆಯಿ ಗೋಡೆಗೆ ಒರಗಿ, ಮಂತ್ರಿಗಳ ಸುದ್ದಿಯನ್ನೂ ಪುರಾಣ ಕೇಳುವಷ್ಟೇ ಭಕ್ತಿಯಿಂದ ಕೇಳುತ್ತಿದ್ದಳು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಶುರುವಾದೊಡನೆ ಆಯಿ ಕೂಗಿ ಹೇಳುವಳು:

"ಮೊದಲನೇ ರೊಟ್ಟಿ ಗಿರಿಜಾಗ ಕೊಡು. ಓದಿ ಓದಿ ಗಂಟಲಾ ಒಣಗಿರತೈತಿ ಆಕಿಗೆ."

ಬೆಣ್ಣೆ ಸವರಿದ ಆ ರೊಟ್ಟಿಯನ್ನು ನಾನು ಬೇಕೆಂತಲೇ ನಿಧಾನವಾಗಿ ತಿನ್ನುತ್ತಿದ್ದೆ. ಎದುರಿಗೆ ಸುಧಾ ತಾಟು ಹಿಡಿದು ಎರಡನೇ ರೊಟ್ಟಿಗೆ ಕಾಯುತ್ತಿದ್ದಳು. ನನಗಿಂತ ಒಂದು ವರ್ಷ ಚಿಕ್ಕವಳು, ಒಂದು ತರಗತಿ ಹಿಂದೆ. ಮೋರೆಯಲ್ಲಿ ಸದಾ ನಗು. ಆ ನಗು ಕಂಡರೆ ನನಗೆ ಅಷ್ಟಕ್ಕಷ್ಟೆ.

ನನ್ನ ಇಂಗ್ಲಿಷ್ ಸುಮ್ಮನೆ ಬಂದದ್ದಲ್ಲ. ನಮ್ಮ ಶಾಲೆಯ ಮಾಸ್ತರರು ವ್ಯಾಕರಣದ ನಿಯಮಗಳನ್ನು ಮಗ್ಗಿಯ ಹಾಗೆ ಒಪ್ಪಿಸಿಕೊಳ್ಳುತ್ತಿದ್ದರು, ತಪ್ಪಿದರೆ ಫೂಟ್‌ಪಟ್ಟಿ ಬೆರಳ ಗಂಟಿನ ಮೇಲೆ ಬೀಳುತ್ತಿತ್ತು. ಪುಸ್ತಕವೂ ಹೊಸದಲ್ಲ. ಭಾನುವಾರ ಅಬಿಡ್ಸಿನ ಫುಟ್‌ಪಾತಿನ ಮೇಲೆ ಹರಡಿದ ಹಳೆ ಪುಸ್ತಕಗಳ ರಾಶಿಯಿಂದ ಅಪ್ಪ ಆರಿಸಿ ಕೊಡಿಸುತ್ತಿದ್ದ. ಮೊದಲ ಪುಟದಲ್ಲಿ ಯಾರದೋ ಹೆಸರು, ಅದನ್ನು ಹೊಡೆದುಹಾಕಿ ನನ್ನ ಹೆಸರು. ಕಠಿಣ ಶಬ್ದ ಬಂದಲ್ಲೆಲ್ಲ ಅದರ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆಯುತ್ತಿದ್ದೆ. ವರ್ಷ ಮುಗಿದ ಮೇಲೆ ನನ್ನ ಪುಸ್ತಕ ಸುಧಾಳಿಗೆ ಹೋಗುವುದು ಮನೆಯ ಪದ್ಧತಿ. ಅವಳಿಗೆ ಸುಲಭವಾಗಲಿ ಎಂದು ಅಕ್ಕ ಅರ್ಥ ಬರೆದಿಟ್ಟಿದ್ದಾಳೆ ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಿಜ ಹೇಳಬೇಕೆಂದರೆ, ಅವಳು ಹತ್ತನೇ ತರಗತಿಯವರೆಗೂ ನನ್ನ ಅಕ್ಷರದ ಕೆಳಗೇ ಓದಬೇಕು, ನಾನು ಹೇಳಿದ್ದೇ ಅರ್ಥ ಅಂದುಕೊಳ್ಳಬೇಕು ಎಂಬುದು ನನ್ನ ಆಸೆಯಾಗಿತ್ತು.

ನಾನು ಏಳನೇ ತರಗತಿಗೆ ಕಾಲಿಟ್ಟ ವರ್ಷ ಶಾಲೆಯಿಂದ ಒಂದು ನೋಟೀಸು ಬಂತು. ಎಂದಿನ ಹಾಗೆ ಮಂಚದ ಮೇಲೆ ಕೂತು ನಾನೇ ಓದಿದೆ. ದೇಶಕ್ಕೆಲ್ಲ ಹೊಸ ಪಠ್ಯಕ್ರಮ ಬಂದಿದೆ, ಇಂಗ್ಲಿಷ್ ಕಲಿಸುವ ರೀತಿಯೇ ಬದಲಾಗುತ್ತದೆ, ಹೊಸ ಪುಸ್ತಕ ಈ ವರ್ಷ ಆರನೇ ತರಗತಿಗೆ, ಮುಂದಿನ ವರ್ಷ ಏಳಕ್ಕೆ, ಹೀಗೇ ವರ್ಷಕ್ಕೊಂದು ತರಗತಿ ಮೇಲೇರುತ್ತದೆ ಎಂದಿತ್ತು. ಅರ್ಥ ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ಅಪ್ಪನಿಗೆ ಇನ್ನೂ ಲೆಕ್ಕ ಹತ್ತಿರಲಿಲ್ಲ.

"ಹಂಗಂದ್ರ ನಿನ್ನ ಪುಸ್ತಕ ಈಕಿಗೆ ಬರೂದಿಲ್ಲ?"

"ಬರೂದಿಲ್ರಿ ಅಪ್ಪ. ಆಕಿಗೆ ಹೊಸಾವು ಕೊಡಸಬೇಕು."

"ಮತ್ತ ನಿನಗ?"

"ನನಗ ಹಳೇ ಸಿಲಬಸ್ಸ. ಮುಂದಿನ ವರ್ಷನೂ ಹಳೇದು. ಕಡೀತನಾನೂ ಹಳೇದು."

ದಿಲ್ಲಿಯಲ್ಲಿ ಯಾರೋ ದೊಡ್ಡವರು ಕೂತು ತೀರ್ಮಾನ ಮಾಡುವಾಗ ಬೇಗಂ ಬಜಾರಿನ ಇಬ್ಬರು ಅಕ್ಕತಂಗಿಯರನ್ನು ನೆನೆದಿರಲಾರರು. ಆದರೆ ಆ ಗೆರೆ ಸರಿಯಾಗಿ ನಮ್ಮಿಬ್ಬರ ನಡುವೆಯೇ ಬಿತ್ತು. ಆ ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಅಬಿಡ್ಸಿಗೆ ಕರೆದುಕೊಂಡು ಹೋದ. ಸುಧಾಳಿಗಾಗಿ ನಾವು ಮೊದಲ ಸಲ ಗಾಜಿನ ಬಾಗಿಲಿನ ಪುಸ್ತಕದಂಗಡಿಯ ಒಳಗೆ ಕಾಲಿಟ್ಟೆವು. ಪುಟಪುಟಕ್ಕೂ ಬಣ್ಣದ ಚಿತ್ರವಿದ್ದ ಪುಸ್ತಕ. ಅವಳು ಅದನ್ನು ಬಿಡಿಸಿ ಮೂಗಿಗೆ ಹಚ್ಚಿ ಮೂಸಿದಳು. ಆಮೇಲೆ ನನಗಾಗಿ ಹೊರಗೆ ಬಂದು ಫುಟ್‌ಪಾತಿನ ಮೇಲೆ ಕುಕ್ಕರುಗಾಲಲ್ಲಿ ಕೂತೆವು. ಮುದುಕ ವ್ಯಾಪಾರಿ ಏಳನೇ ತರಗತಿಯ ಹಳೆ ಪುಸ್ತಕ ಎತ್ತಿ, ಧೂಳು ಝಾಡಿಸಿ ಕೊಟ್ಟ.

"ಲೇಲೋ ಅಮ್ಮಾ, ಅಗ್ಲೇ ಸಾಲ್ ಇಸ್ಕು ಕೋಯಿ ನೈ ಪೂಛ್ತೆ."

ಮುಂದಿನ ವರ್ಷ ಇದನ್ನು ಕೇಳುವವರೇ ಇಲ್ಲ. ದಾರಿಯುದ್ದಕ್ಕೂ ನನಗೆ ಅದೇ ಮಾತು ಕಿವಿಯಲ್ಲಿ. ಎಲ್ಲ ಮನೆಯಲ್ಲೂ ಹಿರಿಯವಳಿಗೆ ಹೊಸದು, ಕಿರಿಯವಳಿಗೆ ಹಳೆಯದು; ನಮ್ಮ ಮನೆಯಲ್ಲಿ ಮಾತ್ರ ಉಲ್ಟಾ. ಹದಿನೈದು ದಿನ ಕಳೆದ ಮೇಲೆ ಅಂಗಡಿಗೆ ಇಳಿದಾಗ ನೋಡುತ್ತೇನೆ, ಅಪ್ಪ ಗಿರಾಕಿಗೆ ಮಾದರಿ ತೋರಿಸಲು ಖಾರದ ಪುಡಿ ಪೊಟ್ಟಣ ಕಟ್ಟುತ್ತಿದ್ದಾನೆ, ಕಾಗದ ನನ್ನ ಆರನೇ ತರಗತಿಯ ಪುಸ್ತಕದ್ದು. ಶಬ್ದಗಳ ನೆತ್ತಿಯ ಮೇಲೆ ನನ್ನ ಪೆನ್ಸಿಲಿನ ಅಕ್ಷರ. ಅಪ್ಪನ ತಪ್ಪೇನೂ ಇರಲಿಲ್ಲ, ಉಪಯೋಗಕ್ಕೆ ಬಾರದ ಪುಸ್ತಕ ರದ್ದಿಯೇ ತಾನೆ. ನಾನು ಮೇಲೆ ಬಂದು ಸುಧಾಳ ಹೊಸ ಪುಸ್ತಕದ ಮೂಲೆಗೆ ಒಂದು ಹನಿ ಎಣ್ಣೆ ಬಿಟ್ಟೆ. ಅವಳು ಅದನ್ನು ಗಮನಿಸಲೇ ಇಲ್ಲ. ಅದು ಇನ್ನೂ ಸಿಟ್ಟು ಬರಿಸಿತು.

ಅವಳ ತರಗತಿಗೆ ಹೊಸ ರೀತಿಯ ತರಬೇತಿ ಪಡೆದ ಮಿಸ್ ಒಬ್ಬರು ಬಂದರು. ಅವರ ಕೈಯಲ್ಲಿ ಫೂಟ್‌ಪಟ್ಟಿ ಇರಲಿಲ್ಲ. ಮಕ್ಕಳನ್ನು ಗುಂಪು ಮಾಡಿ ಕೂರಿಸುತ್ತಿದ್ದರು, ಆಟ ಆಡಿಸುತ್ತಿದ್ದರು, ಅರ್ಥ ಗೊತ್ತಿಲ್ಲದ ಶಬ್ದ ಬಂದರೆ ಮುಂದೆ ಹಿಂದೆ ನೋಡಿ ಊಹಿಸಿ ಅನ್ನುತ್ತಿದ್ದರು. ತಪ್ಪಾದರೂ ಚಿಂತೆಯಿಲ್ಲ, ಬಾಯಿ ಬಿಡಿ ಅನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾವು ನಿಯಮ ಒಪ್ಪಿಸುವಾಗ ಗೋಡೆಯಾಚೆ ನಗು ಕೇಳುತ್ತಿತ್ತು. ಸುಧಾ ಮನೆಗೆ ಬಂದು ಕಿಟಕಿಯ ಪಾರಿವಾಳದ ಜತೆ, ಹಾಲಿನವನ ಜತೆ, ಆಯಿಯ ಜತೆ ಇಂಗ್ಲಿಷ್ ಮಾತಾಡುತ್ತಿದ್ದಳು. ಒಂದು ವಾಕ್ಯದಲ್ಲಿ ನಾಲ್ಕು ತಪ್ಪು. ನಾನು ನಾಲ್ಕನ್ನೂ ಎತ್ತಿ ತೋರಿಸುತ್ತಿದ್ದೆ, ಅವಳು "ಹೌದಲ್ಲಾ!" ಎಂದು ನಕ್ಕು ಐದನೆಯದನ್ನು ಮಾಡುತ್ತಿದ್ದಳು.

ಒಂದು ಭಾನುವಾರ ಚೆನ್ನೈ ಕಡೆಯ ದೊಡ್ಡ ವ್ಯಾಪಾರಿಯೊಬ್ಬರು ಅಪ್ಪನನ್ನು ನೋಡಲು ಮನೆಗೇ ಬಂದರು. ಅವರಿಗೆ ಹಿಂದಿಯೂ ಬರದು, ತೆಲುಗೂ ಬರದು. ಮೂರು ಸಲ ಸೀನಿ, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ಕುರ್ಚಿಯ ಮೇಲೆ ಕೂತರು. ಅಪ್ಪ ಹೆಮ್ಮೆಯಿಂದ ನನ್ನನ್ನು ಕರೆದ.

"ಗಿರಿಜಾ, ಬಾ ಇಲ್ಲಿ. ಇವರ ಜೋಡಿ ಇಂಗ್ಲೀಷ್‌ನ್ಯಾಗ ಜರಾ ಮಾತಾಡು."

ನಾನು ಬಂದು ನಿಂತೆ. ತಲೆಯೊಳಗೆ ವಾಕ್ಯ ಕಟ್ಟಲು ಶುರುಮಾಡಿದೆ. ಕಟ್ಟಿದೆ, ಒಡೆದೆ, ಮತ್ತೆ ಕಟ್ಟಿದೆ. ಬೆರಳ ಗಂಟಿನ ಮೇಲೆ ಫೂಟ್‌ಪಟ್ಟಿ ಬೀಳುತ್ತದೆ ಎಂಬ ಹೆದರಿಕೆ ಆ ಕೋಣೆಯಲ್ಲೂ ನನ್ನನ್ನು ಬಿಡಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಅಷ್ಟರಲ್ಲಿ ಸುಧಾ ನೀರಿನ ತಂಬಿಗೆ ಹಿಡಿದು ಬಂದಳು. ಅಂಕಲ್ ನೀರು, ಅಂಕಲ್ ಚಹಾ, ಮೆಣಸಿನಕಾಯಿ ಕೆಳಗೆ, ಮೂಗು ಮೇಲೆ, ಏನೂ ಆಗಲ್ಲ ಅಂತೆಲ್ಲ ತನಗೆ ಬಂದ ನಾಲ್ಕಾರು ಇಂಗ್ಲಿಷ್ ಶಬ್ದಗಳನ್ನು ಕೈ ತಿರುವಿ ಕಣ್ಣು ತಿರುವಿ ಜೋಡಿಸಿ ಹೇಳಿದಳು. ಆ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ಒಂದು ತಾಸು ಅಪ್ಪನ ಮಾತು ಅವರಿಗೆ, ಅವರ ಮಾತು ಅಪ್ಪನಿಗೆ ದಾಟಿಸಿದವಳು ಅವಳೇ. ನಾನು ಒಳಗೆ ಹೋಗಿ ಅವ್ವನಿಗೆ ಚಹಾದ ಕಪ್ಪು ತೊಳೆದುಕೊಟ್ಟೆ.

ಆ ಸಂಜೆ ಅಪ್ಪ ಪೇಪರು ಸುಧಾಳ ಕೈಗೆ ಕೊಟ್ಟ. ನನ್ನನ್ನು ಏಳು ಅನ್ನಲಿಲ್ಲ, ನಾನೇ ಎದ್ದು ಜಾಗ ಬಿಟ್ಟೆ, ಯಾರಾದರೂ ಬೇಡ ಕೂತ್ಕೋ ಅನ್ನಲಿ ಎಂದು ಬಾಗಿಲಲ್ಲಿ ಸ್ವಲ್ಪ ನಿಂತೆ. ಸುಧಾ ಓದುವ ರೀತಿಯೇ ಬೇರೆ. ಚಿತ್ರ ನೋಡುವಳು, ಗೊತ್ತಿದ್ದ ಎರಡು ಶಬ್ದ ಹಿಡಿಯುವಳು, ಉಳಿದದ್ದನ್ನು ಮಿಸ್ ಹೇಳಿಕೊಟ್ಟ ಹಾಗೆ ಊಹಿಸುವಳು. ಮಂತ್ರಿಯೊಬ್ಬರು ಸೇತುವೆಗೆ ಅಡಿಗಲ್ಲು ಹಾಕಿದ ಸುದ್ದಿ ಅವಳ ಬಾಯಲ್ಲಿ ಮಂತ್ರಿಯ ಮೇಲೆ ಕಲ್ಲು ಬಿದ್ದ ಸುದ್ದಿಯಾಯಿತು. ಆಯಿ ಲೊಚಗುಟ್ಟಿ, ಪಾಪ, ಯಾರ ಮನೆಯ ಮಗನೋ ಎಂದಳು. ನನಗೆ ತಡೆಯಲಾಗಲಿಲ್ಲ.

"ಸುಳ್ಳ ಹೇಳಾಕತ್ತಾಳ ಅಪ್ಪ! ಹಂಗ ಬರದಿಲ್ಲ ಅದ್ರಾಗ."

"ಇರ್ಲಿ ಬಿಡವ್ವ," ಎಂದ ಅಪ್ಪ ನಗುತ್ತ. "ಕೇಳಾಕ ಭಾಳ ಛಂದ ಐತಿ."

ಮೊದಲ ರೊಟ್ಟಿ ಅವಳಿಗೆ ಹೋಯಿತು. ಅವಳು ಅದನ್ನು ಅರ್ಧ ಮುರಿದು ನನ್ನ ತಾಟಿಗೆ ಹಾಕಿದಳು. ನಾನು ಅದನ್ನು ತಾಟಿನ ಅಂಚಿಗೆ ಸರಿಸಿ ಎದ್ದೆ. ಸರಿಯಾಗಿ ಓದಿ ಹೇಳುವವಳು ನಾನು, ತಪ್ಪು ಹೇಳುವವಳು ಅವಳು, ಮೆಚ್ಚುಗೆ ಅವಳಿಗೆ. ಇದಕ್ಕಿಂತ ದೊಡ್ಡ ಅನ್ಯಾಯ ಲೋಕದಲ್ಲಿ ಇರಲಾರದು ಎಂದೇ ನಾನು ಆಗ ನಂಬಿದ್ದೆ. ಹೊಟ್ಟೆ ಉರಿಯುವುದು ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ. ಊಟ ಬಿಟ್ಟು ಮಲಗಿದ ಆ ದಿನಗಳಲ್ಲಿ ನಿಜಕ್ಕೂ ಎದೆಯ ಕೆಳಗೆ ಉರಿಯುತ್ತಿತ್ತು, ಅವ್ವ ಪಿತ್ತವೆಂದು ತಿಳಿದು ಜೀರಿಗೆ ಕಷಾಯ ಕುಡಿಸಿದಳು.

ಹೊಸ ಪಠ್ಯದಲ್ಲಿ ಪ್ರಾಜೆಕ್ಟ್ ಅಂತ ಒಂದಿತ್ತು. ಮನೆಯ ಹಿರಿಯರೊಬ್ಬರ ಹತ್ತಿರ ಕೂತು ಅವರ ಬದುಕಿನ ಒಂದು ಸಂಗತಿ ಕೇಳಬೇಕು, ಅದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಬೇಕು. ಶಾಲೆಯ ಸಭೆಯಲ್ಲಿ ತಂದೆತಾಯಿಗಳ ಎದುರು ಅದನ್ನು ಓದಬೇಕು. ಸುಧಾ ಆಯಿಯನ್ನು ಹಿಡಿದಳು. ಒಂದು ವಾರ ಮಧ್ಯಾಹ್ನ ಆಯಿ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದರೆ ಇವಳು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತು ಕಿವಿ ಕೊಟ್ಟರೆ ಅಷ್ಟಿಷ್ಟು ಕೇಳುತ್ತಿತ್ತು. ಆಯಿ ಹೊಸ ಮದುಮಗಳಾಗಿ ಈ ಊರಿಗೆ ಬಂದಾಗ ಅವಳಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲವಂತೆ. ಹೆದರಿ ಮೆಟ್ಟಿಲೇ ಇಳಿಯುತ್ತಿರಲಿಲ್ಲವಂತೆ. ಪಕ್ಕದ ಮಾಳಿಗೆಯ ತೆಲುಗು ಹೆಂಗಸು ದಿನಾ ಮಧ್ಯಾಹ್ನ ಗೋಡೆಯ ಹತ್ತಿರ ಬಂದು ತೆಲುಗಿನಲ್ಲಿ ತನ್ನ ಕಷ್ಟ ಹೇಳುವಳು, ಆಯಿ ಕನ್ನಡದಲ್ಲಿ ತನ್ನದು ಹೇಳುವಳು. ಒಬ್ಬರದು ಒಬ್ಬರಿಗೆ ತಿಳಿಯದೆಯೇ ಎಷ್ಟೋ ತಿಂಗಳು ಕಳೆದುವಂತೆ. ಇದನ್ನು ಹೇಳುತ್ತ ಆಯಿ ಯಾವುದೋ ಮಾತಿಗೆ ಅತ್ತಳು, ಯಾವುದಕ್ಕೆ ಎಂದು ನನಗೆ ಕೇಳಿಸಲಿಲ್ಲ. ಎರಡು ವರ್ಷ ದಿನಾ ಅವಳಿಗೆ ಪೇಪರು ಓದಿ ಹೇಳಿದವಳು ನಾನು. ನನಗೆ ಇದರಲ್ಲಿ ಒಂದು ಮಾತೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಬರೆದು ಮುಗಿದ ದಿನ ಅಪ್ಪನೇ ಹೇಳಿದ:

"ಅಕ್ಕನ ಕಡೆ ಕೊಡು, ಫೇರ್ ಮಾಡಿ ಕೊಡ್ತಾಳ. ಅಕ್ಷರ ದುಂಡಗ ಅದಾವ ಆಕೀವು."

ಸುಧಾ ಖುಷಿಯಿಂದ ತಂದು ಕೊಟ್ಟಳು. ಊಟಕ್ಕೆ ಕೂತಾಗಲೆಲ್ಲ ಅವಳು ಹೇಳುತ್ತಿದ್ದ ಒಂದು ಮಾತು ನನಗೆ ಚೆನ್ನಾಗಿ ಗೊತ್ತಿತ್ತು: ಮಕ್ಕಳು ತಮ್ಮದೇ ಮಾತಿನಲ್ಲಿ ಬರೆಯಬೇಕು, ದೊಡ್ಡವರು ಬರೆದುಕೊಟ್ಟರೆ ಮಿಸ್ ಒಪ್ಪುವುದಿಲ್ಲ. ಗೊತ್ತಿದ್ದೇ ನಾನು ಕೂತೆ. ಅವಳ ತಪ್ಪುಗಳನ್ನು ತಿದ್ದಿದೆ. ತಿದ್ದಿ ಅಲ್ಲಿಗೆ ನಿಲ್ಲಲಿಲ್ಲ. ನನ್ನ ಹಳೆ ಪುಸ್ತಕದ ಹಿಂದಿದ್ದ ಮಾದರಿ ಪ್ರಬಂಧಗಳಿಂದ ಉದ್ದುದ್ದ ಶಬ್ದ ಆರಿಸಿ ತಂದು ಸೇರಿಸಿದೆ. ಅವಳು ಇಬ್ಬರು ಹೆಂಗಸರ ಮಾತನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಎದುರುಬದುರು ಕೂತವರಂತೆ ಬರೆದಿದ್ದಳು. ನಾನು ಅದನ್ನೆಲ್ಲ ಅಳಿಸಿ ಭಾಷಾಭಿಮಾನ, ನೆರೆಹೊರೆಯ ಸೌಹಾರ್ದ ಎಂದು ದೊಡ್ಡ ಮಾತು ತುಂಬಿದೆ. ಆಯಿ ಅತ್ತ ಜಾಗದಲ್ಲಿ ಸುಧಾ ಏನೋ ಬರೆದಿದ್ದಳು. ಅದನ್ನು ಪೂರ್ತಿ ಓದದೆಯೇ ಅಡ್ಡಗೆರೆ ಎಳೆದೆ. ಎರಡು ಪುಟ ಮುತ್ತಿನಂಥ ಅಕ್ಷರ, ಹುಡುಕಿದರೂ ಒಂದು ತಪ್ಪಿಲ್ಲ. ಅವಳ ಕಚ್ಚಾ ಪ್ರತಿಯನ್ನು ಕೆಳಗಿನ ರದ್ದಿಯ ಕಟ್ಟಿಗೆ ಸಿಕ್ಕಿಸಿದೆ. ಸುಧಾ ನನ್ನ ಪ್ರತಿ ನೋಡಿ ಕಣ್ಣರಳಿಸಿದಳು.

"ಎಷ್ಟ್ ಛಂದ ಬರ್ದೀ ಅಕ್ಕಾ!"

ಸಭೆಯ ದಿನ ಅಪ್ಪ ಅಂಗಡಿ ಮುಚ್ಚಿದ. ಆಯಿ ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಮೊಣಕಾಲು ನೋವಿದ್ದವಳು ಮೆಟ್ಟಿಲು ಇಳಿದು, ಆಟೋ ಹತ್ತಿ, ಶಾಲೆಯ ಎರಡನೇ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತಳು. ಮಕ್ಕಳು ಒಬ್ಬೊಬ್ಬರೇ ಬಂದು ತಂತಮ್ಮ ಅಜ್ಜ ಅಜ್ಜಿಯರ ಸಂಗತಿಯನ್ನು ತಡವರಿಸುತ್ತ, ಎಡವುತ್ತ ಓದಿದರು. ಜನ ಪ್ರತಿಯೊಬ್ಬರಿಗೂ ಚಪ್ಪಾಳೆ ತಟ್ಟಿದರು. ಆಯಿ ಪ್ರತಿ ಸಲ ನನ್ನ ಕಡೆ ಬಾಗಿ ಕೇಳುವಳು.

"ನಂದ ಯಾವಾಗ ಬರತೈತಿ?"

"ಬರತೈತಿ ಆಯಿ, ಇನ್ನೂ ಮಂದಿ ಅದಾರ."

ಬರುವುದಿಲ್ಲವೆಂದು ನನಗೆ ಅನುಮಾನವಿತ್ತು. ಸುಧಾ ವೇದಿಕೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಕೊನೆಗೆ ವಂದನಾರ್ಪಣೆ ಆಯಿತು, ಜನ ಎದ್ದರು. ಆಯಿ ಮಾತ್ರ ಕೂತೇ ಇದ್ದಳು, ಖಾಲಿ ವೇದಿಕೆ ನೋಡುತ್ತ. ಸೆರಗಿನ ಬಿಚ್ಚಿಹೋದ ಪಿನ್ನನ್ನು ಮತ್ತೆ ಹಾಕಿಕೊಂಡಳು.

"ಏನಾತವ್ವ?" ಎಂದು ಅಪ್ಪ ಕೇಳಿದ್ದಕ್ಕೆ ಸುಧಾ ಇಷ್ಟೇ ಹೇಳಿದಳು:

"ಟೈಮ್ ಸಾಲಲಿಲ್ಲಂತ, ಅಪ್ಪ."

ಆಮೇಲೆ ಅವಳು ಮನೆಯಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕಡಿಮೆ ಮಾಡಿದಳು. ಪೇಪರು ಹಿಡಿದರೂ ಚಿತ್ರ ನೋಡಿ ಮಡಿಸಿ ಇಡುತ್ತಿದ್ದಳು. ಕೆಲವು ದಿನಗಳಲ್ಲಿ ಅದು ಮತ್ತೆ ನನ್ನ ಕೈಗೆ ಬಂತು. ನಾನು ಓದಿದೆ, ಸರಿಯಾದ ಅರ್ಥ ಹೇಳಿದೆ. ಅಪ್ಪ ಹೂಂಗುಟ್ಟಿದ. ಆಯಿ ಗೋಡೆಗೆ ಒರಗಿಯೇ ತೂಕಡಿಸಿದಳು. ನಾನು ಗೆದ್ದಿದ್ದೆ. ಗೆದ್ದೆನೆಂದು ಖುಷಿಯಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಖುಷಿಯಾಗಿತ್ತು. ಸ್ವಲ್ಪ ದಿನ ಚೆನ್ನಾಗಿಯೇ ನಿದ್ದೆ ಬಂತು.

ಈಗ ನಾನು ಗಚ್ಚಿಬೌಲಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮತ್ತೆ ಹೊಸ ಶಿಕ್ಷಣ ನೀತಿ, ಮತ್ತೆ ಹೊಸ ಪಠ್ಯಕ್ರಮ, ಮತ್ತೆ ನಮಗೆಲ್ಲ ತರಬೇತಿ. ಮೊನ್ನೆ ಅಂಥ ಒಂದು ತರಬೇತಿಯಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳು ನಮಗೆ ವಿವರಿಸುತ್ತಿದ್ದಳು: ಮಕ್ಕಳು ಮನೆಯಿಂದ ಹಿರಿಯರ ಮಾತನ್ನು ತಮ್ಮ ಭಾಷೆಯಲ್ಲೇ ತರಲಿ, ಆಮೇಲೆ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಲಿ, ನಡುವೆ ನಾವು ಕೈ ಹಾಕುವುದು ಬೇಡ. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಮುಚ್ಚಿ ಹೊರಗೆ ಬಂದು, ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ನಡೆಸುವ ಸುಧಾಳಿಗೆ ಫೋನ್ ಮಾಡಿದೆ. ಅಪ್ಪ, ಅವ್ವ, ಆಯಿ ಯಾರೂ ಈಗಿಲ್ಲ. ಯಾವ ಪೀಠಿಕೆಯನ್ನೂ ಹಾಕದೆ ಹೇಳಿಬಿಟ್ಟೆ: ಆವತ್ತು ಹೊಟ್ಟೆಕಿಚ್ಚಿಗೆ ಬೇಕೆಂತಲೇ ಹಾಗೆ ಬರೆದೆ, ಮಿಸ್ ಒಪ್ಪುವುದಿಲ್ಲ ಎಂದು ಗೊತ್ತಿದ್ದೇ ಬರೆದೆ. ಅವಳು ನಕ್ಕಳು.

"ಮಿಸ್ ನನ್ನ ಕೇಳಿದ್ರಕ್ಕಾ, ಇದನ್ನ ಯಾರ್ ಬರ್ದಾರ ಅಂತ. ಅಕ್ಕ ಬರ್ದಿದ್ರ ಅಕ್ಕ ಬರ್ದಾಳ ಅನ್ನು, ಪರವಾಗಿಲ್ಲ, ಕಾಗದ ಬದಿಗಿಟ್ಟು ನಿನ್ನ ಬಾಯಿಲೆ ಹೇಳು ಅಂದ್ರು. ನಾ ಇಲ್ಲ, ನಾನಽ ಬರ್ದೀನಿ ಅಂದೆ. ಒಂದ ಶಬ್ದದ ಅರ್ಥ ಕೇಳಿದ್ರು, ಬರ್ಲಿಲ್ಲ. ಹೆಸರ ತಗದ್ರು."

"ಯಾಕ ಹಂಗಂದಿ? ನನ್ನ ಉಳಸಾಕೇನು?"

"ಛೆ, ನಿನ್ನ ಯಾಕ ಉಳಸ್ಲಿ! ಅಷ್ಟ್ ಛಂದ ಇತ್ತು ಅದು, ನಂದಽ ಆಗಬೇಕು ಅನಸ್ತು. ನಿನ್ನ ಇಂಗ್ಲೀಷ ಕಂಡ್ರ ನನಗ ಸಣ್ಣಾಕಿದ್ದಾಗಿಂದ ಹೊಟ್ಟಿ ಉರೀತಿತ್ತು. ಎರಡೂ ಪುಟ ಬಾಯಿಪಾಠ ಮಾಡಿದ್ದೆ ಗೊತ್ತೇನು?"

ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡವರೂ ಈ ಲೋಕದಲ್ಲಿ ಇದ್ದರು, ಅದೂ ನನ್ನ ಎದುರಿಗೇ ತಾಟು ಹಿಡಿದು ಕೂತಿದ್ದರು. ನಾನು ಏನಾದರೂ ಹೇಳುವ ಮೊದಲೇ ಅವಳು ಒಪ್ಪಿಸಲು ಶುರುಮಾಡಿದಳು. ಇಷ್ಟು ವರ್ಷದ ಮೇಲೂ ಒಂದು ಶಬ್ದ ತಪ್ಪಲಿಲ್ಲ. ನನ್ನ ಭಾಷಾಭಿಮಾನ, ನನ್ನ ಸೌಹಾರ್ದ, ನನ್ನ ಉದ್ದುದ್ದ ವಾಕ್ಯಗಳು. ಕೇಳಲಾಗದೆ ನಡುವೆಯೇ ತಡೆದೆ.

"ಸಾಕು ಸುಧಾ. ಅದು ಬ್ಯಾಡ. ಆಯಿ ಏನಂದಿದ್ಲು, ಯಾಕ ಅತ್ಲು, ಅದನ್ನ ಹೇಳು."

ಆ ಕಡೆ ಅಂಗಡಿಯ ಗದ್ದಲ ಕೇಳುತ್ತಿತ್ತು.

"ಅದು ನೆನಪಿಲ್ಲ ಅಕ್ಕಾ," ಎಂದಳು. "ನಿಂದಷ್ಟಽ ಉಳದೈತಿ."